ಕರಿ ಕಂಬಳಿಗೆ ಒಂದು ಮುದ್ರೆ ಬೇಕು

ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಉಣ್ಣೆ ಕಂಬಳಿ’ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಹುಲಿ, ಹೂವಿನ ಚಿತ್ರಗಳ ಆಕ್ರಿಲಿಕ್ ಹೊದಿಕೆಗಳು. ಹಳೆಯ ಬಟ್ಟೆ ಹರಿದು, ಅದರಿಂದಲೇ ನೂಲು ತೆಗೆದು ಪಾಣಿಪತ್‌ನಲ್ಲಿ ತಯಾರಿಸಿದ ಹೊದಿಕೆಗಳೂ ಅದೇ ಸಾಲಿನಲ್ಲಿರುತ್ತವೆ. ಹಿರಿಯೂರು ಕಡೆಯ ಕುರಿಗಳ ಉಣ್ಣೆ ತಂದು ಹೊಸದುರ್ಗ ತಾಲ್ಲೂಕಿನ ನಮ್ಮ ಮನೆ ಮಗ್ಗದಲ್ಲಿ ನೇಯ್ದ ಕರಿ ಕಂಬಳಿ ಸಿಗಬೇಕಾದರೆ ಪುಟದ ಮೇಲೆ ಪುಟ ದಾಟಬೇಕು. ಅಷ್ಟು ತಾಳ್ಮೆ ಯಾವ ಗ್ರಾಹಕರಿಗಿದೆ?

ನಾನು ಕಂಬಳಿ ನೇಯುವ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ರಾಟೆಯಲ್ಲಿ ನೂಲು ತೆಗೆಯುತ್ತಾರೆ, ಮಾವ ನೇಯುತ್ತಾರೆ, ಫೋನ್ ಹಿಡಿದು ಮಾರುವುದು ನನ್ನ ಪಾಲಿನ ಕೆಲಸ. ಒಳ್ಳೆಯ ಫೋಟೊ ಹಾಕಿ, ಬೆಲೆ ಇಳಿಸಿ, ಜಾಹೀರಾತು ಕೊಡಿ ಎಂದು ಕಂಡವರೆಲ್ಲ ಹೇಳುತ್ತಾರೆ. ಫೋಟೊ ಚೆನ್ನಾಗಿರಬೇಕು, ಒಪ್ಪುತ್ತೇನೆ. ಆದರೆ ಬೆಲೆ ಇಳಿಸುವ ಮಾತನ್ನು ಒಪ್ಪಲಾರೆ. ಯಂತ್ರದ ಹೊದಿಕೆಯ ಬೆಲೆಯೊಡನೆ ಪೈಪೋಟಿಗಿಳಿದರೆ ಸೋಲುವುದು ಅತ್ತೆಯ ಕೂಲಿ.

ಆ ಕೂಲಿಯ ಹಿಂದಿನ ಕೆಲಸ ಸಣ್ಣದಲ್ಲ. ನಮ್ಮ ಕಡೆ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಅದನ್ನು ಬಿಡಿಸಿ, ಹಿಂಜಿ, ನೂತು ಹಾಸು ಹಾಕಬೇಕು. ಹಾಸಿಗೆ ಹುಣಸೆಬೀಜದ ಸರಿ ಬಳಿಯುವುದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟಂಟಾದ ಸರಿ ಸಿಗುತ್ತದೆ. ಮಾವ ಬೆಳಗಿನ ಹೊತ್ತಲ್ಲೇ ಅಂಗಳದಲ್ಲಿ ಹಾಸು ಬಿಗಿದು, ಕುಂಚದಿಂದ ಉದ್ದಕ್ಕೂ ತೀಡುತ್ತಾ ಹೋಗುತ್ತಾರೆ. ಒಂದು ಎಳೆ ಪಕ್ಕದ ಎಳೆಗೆ ಅಂಟಿಕೊಂಡರೂ ಮಗ್ಗದ ಮೇಲೆ ತುಂಡಾಗುತ್ತದೆ. ಕಪ್ಪಿಗೆ ಬಣ್ಣ ಹಾಕುವುದಿಲ್ಲ, ಅದು ಕುರಿಯದೇ ಬಣ್ಣ. ಹಾಗಾಗಿ ಒಂದು ಕಂಬಳಿಯ ಕಪ್ಪು ಇನ್ನೊಂದರಂತೆ ಇರುವುದಿಲ್ಲ.

ಸಂತೆಯಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಕೊಳ್ಳುವವರು ಅಂಚು ಹಿಡಿದು ಜಗ್ಗುತ್ತಿದ್ದರು, ಅಂಗೈಯಲ್ಲಿ ಉಜ್ಜುತ್ತಿದ್ದರು, ಮೂಸಿ ನೋಡುತ್ತಿದ್ದರು. ಹಟ್ಟಿಯಲ್ಲಿ ಗದ್ದುಗೆಗೆ ಹಾಸಲು ಕಂಬಳಿ ಕೊಳ್ಳುವವರಿಗೆ ಮೋಸ ಮಾಡುವುದು ಸುಲಭವಿರಲಿಲ್ಲ. ಈಗ ಕೊಳ್ಳುವವರ ಕೈಗೆ ಸಿಗುವುದು ಫೋನಿನ ಗಾಜು ಮಾತ್ರ. ಆದ್ದರಿಂದ ಅವರ ಕೈ ಮಾಡುತ್ತಿದ್ದ ಪರೀಕ್ಷೆಯನ್ನು ನಾವೇ ಮಾಡಿ ತೋರಿಸಬೇಕು.

ನಾನು ಮಾಡುವುದು ಇಷ್ಟೇ. ಕಂಬಳಿಯ ಮೇಲೆ ಚೊಂಬು ನೀರು ಸುರಿದು, ಹನಿ ಜಾರುವುದನ್ನು ಚಿಕ್ಕ ವಿಡಿಯೊದಲ್ಲಿ ತೋರಿಸುತ್ತೇನೆ. ಮಳೆಗೆ ಕುರುಬರು ಕಂಬಳಿಯ ಕೊಪ್ಪೆ ಹಾಕಿಕೊಳ್ಳುವುದು ಯಾಕೆಂದು ಆಗ ಯಾರಿಗಾದರೂ ತಿಳಿಯುತ್ತದೆ. ನೇಯ್ಗೆಯ ಫೋಟೊವನ್ನು ಹತ್ತಿರದಿಂದ, ಏರುಪೇರಾದ ಎಳೆ ಕಾಣುವಂತೆ ಹಾಕುತ್ತೇನೆ. ‘ಚುಚ್ಚುತ್ತದೆ, ಮೊದಮೊದಲು ಉಣ್ಣೆಯ ವಾಸನೆ ಇರುತ್ತದೆ, ನೆಲಕ್ಕೆ ಹಾಸಲು ಚೆನ್ನ’ ಎಂದು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಮೆತ್ತಗಿನ ಹೊದಿಕೆ ಬೇಕಾದವರು ಅಲ್ಲಿಂದಲೇ ಹೊರಡುತ್ತಾರೆ. ಉಳಿದವರು ತಿಳಿದೇ ಕೊಳ್ಳುತ್ತಾರೆ, ವಾಪಸ್ ಕಳಿಸುವುದಿಲ್ಲ. ಆಕ್ರಿಲಿಕ್ ನೂಲು ಬೆರೆಸಿ ಮೆತ್ತಗೆ ಮಾಡಿ ಎನ್ನುವವರಿಗೆ ನನ್ನ ಉತ್ತರ ಒಂದೇ: ಕಂಬಳಿಯಿಂದ ಚೀಲ ಹೊಲಿಯೋಣ, ಧ್ಯಾನದ ಆಸನ ಮಾಡೋಣ, ಆದರೆ ನೂಲಿಗೆ ಕಲಬೆರಕೆ ಬೇಡ. ಬೆರೆಸಿದ ದಿನ ನಮ್ಮದಕ್ಕೂ ಅಗ್ಗದ ಹೊದಿಕೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಆದರೆ ಒಂದು ಮನೆ ಎಷ್ಟೇ ಪ್ರಾಮಾಣಿಕವಾಗಿ ಬರೆದರೂ ಪಕ್ಕದ ಪುಟದವರು ‘ಕೈಯಿಂದ ನೇಯ್ದದ್ದು’ ಎಂದು ಸುಳ್ಳು ಬರೆದರೆ ಕೇಳುವವರಿಲ್ಲ. ಕೈಮಗ್ಗಕ್ಕೆ ಮೀಸಲಾದ ವಸ್ತುಗಳ ಕಾಯ್ದೆ 1985ರಲ್ಲೇ ಬಂದಿದೆ. ಅದರಡಿ ಈಗ ಉಳಿದಿರುವ 11 ವಸ್ತುಗಳಲ್ಲಿ ಸೀರೆ, ಪಂಚೆಯ ಜೊತೆ ಕಂಬಳಿಯೂ ಇದೆ. ಕಾಯ್ದೆ ಹಿಡಿಯುವುದು ವಿದ್ಯುತ್ ಮಗ್ಗದಲ್ಲಿ ನೇಯುವವರನ್ನು, ಮಾರಾಟದ ಪುಟದಲ್ಲಿ ಬರೆದ ಸುಳ್ಳನ್ನಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಯಾವ ವಸ್ತು ಮೇಲೆ, ಯಾವುದು ಕೆಳಗೆ ಎಂಬುದನ್ನು ಯಾವ ಆಧಾರದಲ್ಲಿ ತೀರ್ಮಾನಿಸುತ್ತೇವೆ ಎಂದು ಮಾರುಕಟ್ಟೆಯವರು ತಿಳಿಸಬೇಕು. ಆ ಆಧಾರಗಳಲ್ಲಿ ‘ಪರಿಶೀಲಿಸಿದ ಕೈಮಗ್ಗ’ ಎಂಬುದೂ ಒಂದಾಗಲಿ ಎಂಬುದು ನನ್ನ ಒತ್ತಾಯ. ಕೇಂದ್ರ ಸರ್ಕಾರದ ಕೈಮಗ್ಗ ಮುದ್ರೆ 2006ರಿಂದ ಇದೆ. ಅದನ್ನು ಹುಡುಕಾಟಕ್ಕೆ ಜೋಡಿಸಿದರೆ ಸಾಕು.

ಇದು ಆಗದ ಮಾತಲ್ಲ. ಸ್ಕಾಟ್ಲೆಂಡಿನ ಗಾಳಿಮಳೆಯ ದ್ವೀಪಗಳಲ್ಲಿ ನೇಯುವ ಹ್ಯಾರಿಸ್ ಟ್ವೀಡ್ ಕೂಡ ದಪ್ಪ, ಒರಟು ಉಣ್ಣೆಯದೇ. ದ್ವೀಪವಾಸಿಗಳು ತಮ್ಮ ಮನೆಗಳಲ್ಲೇ ನೇಯ್ದರೆ ಮಾತ್ರ ಅದಕ್ಕೆ ಆ ಹೆಸರು ಎಂದು ಬ್ರಿಟನ್ ಸಂಸತ್ತು 1993ರಲ್ಲಿ ಕಾಯ್ದೆ ಮಾಡಿದೆ. ಬಟ್ಟೆಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಮೇಲೆಯೇ ಮಾರಾಟ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಮೊಳಕಾಲ್ಮೂರು ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನೇಕಾರರು ಬೇರೆ ಬೇರೆ ಹೆಸರಿನಲ್ಲಿ, ಒಬ್ಬರ ಬೆಲೆಯನ್ನು ಇನ್ನೊಬ್ಬರು ಮುರಿಯುತ್ತಾ ಮಾರುವುದನ್ನು ನಿಲ್ಲಿಸಬೇಕು. ನಾಲ್ಕೂ ತಾಲ್ಲೂಕಿಗೆ ಒಂದೇ ಮುದ್ರೆ, ಒಂದೇ ಪುಟ ಇರಲಿ. ಪ್ರತಿ ಕಂಬಳಿಗೂ ಸಂಖ್ಯೆ ಕೊಟ್ಟು, ಯಾವ ಊರಿನ ಉಣ್ಣೆ, ನೂತವರು ಯಾರು, ನೇಯ್ದವರು ಯಾರು ಎಂದು ಬರೆದ ಚೀಟಿ ಹೊಲಿಯೋಣ. ಪರೀಕ್ಷೆಯ ಹೊಣೆಯನ್ನು ಕೈಮಗ್ಗ ಮತ್ತು ಜವಳಿ ಇಲಾಖೆ ಹೊರಲಿ. ತಡ ಮಾಡುವಂತಿಲ್ಲ. ಉಣ್ಣೆಗೆ ಬೆಲೆಯಿಲ್ಲವೆಂದು ಕುರಿಗಾಹಿಗಳು ಮಾಂಸಕ್ಕಾಗಿ ನೆಲ್ಲೂರು ತಳಿಯತ್ತ ಹೊರಳುತ್ತಿದ್ದಾರೆ, ಅದರ ಮೈಮೇಲೆ ಕಂಬಳಿಗಾಗುವ ಉಣ್ಣೆ ಬೆಳೆಯುವುದಿಲ್ಲ. ಕಂಬಳಿಗೆ ನ್ಯಾಯವಾದ ಬೆಲೆ ಸಿಕ್ಕರೆ ಮಾತ್ರ ಕರಿ ಕುರಿಯೂ ಉಳಿಯುತ್ತದೆ, ಮಗ್ಗವೂ ಉಳಿಯುತ್ತದೆ.