ಪೆಡಲ್ ಕೊಳ್ಳುವ ಮೊದಲು ಬೆರಳು ಪಳಗಲಿ

ಊರು ಬಿಟ್ಟು ದುಡಿಯುವ ನಮ್ಮಂಥವರ ಕೈಯಲ್ಲಿ ದುಡ್ಡಿದೆ, ಸಮಯವಿಲ್ಲ. ಹಾಗಾಗಿ ಹವ್ಯಾಸವೂ ಶಾಪಿಂಗ್ ಆಗಿಬಿಡುತ್ತದೆ. ಪುಣೆಯಲ್ಲಿ ಗಿಟಾರ್ ನುಡಿಸುವ ನನ್ನ ಗೆಳೆಯರ ಬಳಗದಲ್ಲಿ ನುಡಿಸುವುದಕ್ಕಿಂತ ಮುಂದಿನ ಪೆಡಲ್ ಯಾವುದು ಎಂಬ ಮಾತೇ ಹೆಚ್ಚು. ಇದಕ್ಕೆ ನನ್ನ ತಕರಾರಿದೆ. ಉದಾಹರಣೆಗೆ ಒಂದು ಹಳೆಯ ದನಿಯನ್ನೇ ನೋಡೋಣ.

1960ರಲ್ಲಿ ಇಂಗ್ಲೆಂಡಿನ ‘ದಿ ಶ್ಯಾಡೋಸ್’ ತಂಡ ‘ಅಪಾಚೆ’ ಎಂಬ, ಗಾಯನವೇ ಇಲ್ಲದ ಧ್ವನಿಮುದ್ರಿಕೆ ತಂದಿತು. ಅಲ್ಲಿನ ಜನಪ್ರಿಯತೆಯ ಪಟ್ಟಿಯಲ್ಲಿ ಅದು ಐದು ವಾರ ಮೊದಲ ಸ್ಥಾನದಲ್ಲಿತ್ತು. ಹ್ಯಾಂಕ್ ಮಾರ್ವಿನ್ ನುಡಿಸಿದ ಆ ಗಿಟಾರಿನ ಎಕೋವನ್ನು ಮರಳಿ ಹೊರಡಿಸುವ ಹುಚ್ಚು ಇವತ್ತಿಗೂ ಅನೇಕರಿಗಿದೆ. ಸಾಮಗ್ರಿಯೇನೂ ಗುಟ್ಟಲ್ಲ: ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್, ವಾಕ್ಸ್ ಆಂಪ್ಲಿಫೈಯರ್, ಇಟಲಿಯ ಮೆಯಾಟ್ಸಿ ಎಕೋ ಯಂತ್ರ.

ಎಂಜಿನಿಯರ್ ಕಣ್ಣಿಗೆ ಎಕೋ ಸರಳ. ದನಿಯನ್ನು ಹಿಡಿದಿಟ್ಟು, ತುಸು ತಡವಾಗಿ ಮತ್ತೆ ಸೇರಿಸಿದರಾಯಿತು. ಆದರೆ ಆ ಯಂತ್ರದಲ್ಲಿ ದನಿ ಓದುವ ಹೆಡ್‌ಗಳು ಹಲವು. ಒಂದೊಂದರಿಂದ ಒಂದೊಂದು ಹೊತ್ತಿಗೆ ಮರುದನಿ ಬಂದು ಅದರಲ್ಲೇ ಒಂದು ಲಯ ಹುಟ್ಟುತ್ತದೆ. ಒಂದೇ ಅಂತರದ ಸಾಧಾರಣ ಡಿಲೇ ಪೆಡಲ್‌ಗೆ ಆ ಗುಣ ಬರದು. ಇಷ್ಟರಮಟ್ಟಿಗೆ ಸಾಮಗ್ರಿ ಬೇಕು, ಒಪ್ಪುತ್ತೇನೆ. ಅದನ್ನು ಅನುಕರಿಸುವ ಸಾಫ್ಟ್‌ವೇರ್ ಈಗ ಲ್ಯಾಪ್‌ಟಾಪಿನಲ್ಲೇ ಸಿಗುತ್ತದೆ.

ಉಳಿದದ್ದು ಕೈಚಳಕ. ಮಾರ್ವಿನ್ ದಪ್ಪ ತಂತಿ ಬಳಸುತ್ತಿದ್ದರು. ಮೀಟುವ ಕೈಯಲ್ಲೇ ವೈಬ್ರಾಟೊ ಸರಳನ್ನೂ ಹಿಡಿದು ಸ್ವರವನ್ನು ಮೆಲ್ಲಗೆ ನಡುಗಿಸುತ್ತಿದ್ದರು. ಬ್ರಿಡ್ಜ್ ಹತ್ತಿರ ಮೀಟಿದರೆ ದನಿ ಹರಿತ, ದೂರ ಸರಿದರೆ ಮೃದು. ಎಲ್ಲಕ್ಕಿಂತ ಮುಖ್ಯ, ಮರುದನಿಗೆ ಜಾಗ ಬಿಟ್ಟು ನುಡಿಸುವುದು. ನಿಮಿಷಕ್ಕೆ 120 ಬೀಟ್ ಗತಿಯಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಎಕೋವನ್ನು 375ಕ್ಕೆ ಇಟ್ಟರೆ ಅದು ಮುಕ್ಕಾಲು ಬೀಟ್‌ಗೆ ಸರಿಯಾಗಿ ಮರಳುತ್ತದೆ. ನಿಮ್ಮ ಮುಂದಿನ ಸ್ವರ 40 ಮಿಲಿಸೆಕೆಂಡ್ ತಡವಾದರೆ ಯಂತ್ರ ಕಾಯುವುದಿಲ್ಲ, ಎಲ್ಲ ಕಲಸುಮೇಲೋಗರ. ವೀಣೆ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ. ಒಂದೇ ವೀಣೆ ಇಬ್ಬರ ಕೈಯಲ್ಲಿ ಬೇರೆ ಬೇರೆ ನುಡಿಯುತ್ತದೆ.

ಆಫೀಸು, ಟ್ರಾಫಿಕ್ಕು ಮುಗಿಸಿ ಬಾಡಿಗೆ ಮನೆ ಸೇರುವ ನಮಗೆ ನಮ್ಮದೆಂದು ಉಳಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಅದನ್ನೂ ಪೆಡಲ್‌ಗಳ ರಿವ್ಯೂ ನೋಡುತ್ತ ಕಳೆದರೆ ಮನೆಗೆ ಇನ್ನೊಂದು ಡಬ್ಬಿ ಬರುತ್ತದೆ, ಅಷ್ಟೇ. ಬದಲಿಗೆ ಮೊದಲ 15 ನಿಮಿಷ ಎಕೋ ಆಫ್ ಮಾಡಿ, ಮೆಟ್ರೊನೋಮ್ ಜೊತೆ ನಿಧಾನಕ್ಕೆ ನುಡಿಸಿ. ಬರಿಯ ದನಿಯೇ ಕಿವಿಗೆ ಹಿತವಾದ ಮೇಲೆ ಎಕೋ ಸೇರಿಸಿ, ಅದೂ ಮೂಲ ದನಿಗಿಂತ ತಗ್ಗಿನಲ್ಲಿ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರಿಗೂ ತೊಂದರೆಯಿಲ್ಲ.

ನಿಮ್ಮ ಮನೆಯಲ್ಲಿರುವುದು ಗಿಟಾರ್ ಅಲ್ಲ, ಕೊಳಲೋ ಕ್ಯಾಮೆರಾವೋ ಆಗಿದ್ದರೂ ಲೆಕ್ಕ ಇದೇ. ಕಾರ್ಟಿನಲ್ಲಿರುವ ಹೊಸ ಸಾಮಾನು ಮೂರು ತಿಂಗಳು ಅಲ್ಲೇ ಇರಲಿ. ದಿನಾ ಅಭ್ಯಾಸ ಮಾಡಿದ ಮೇಲೂ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ.