ಸೋಮವಾರದ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ "ಅವ್ವಾ, ಹೊಟ್ಟಿ ಭಾಳ ನೋಯಾಕತ್ತೈತಿ" ಎಂದು ಮಗು ಮುದುಡಿ ಕುಳಿತರೆ ಬಹಳಷ್ಟು ಮನೆಗಳಲ್ಲಿ ಬರುವ ತೀರ್ಪು ಒಂದೇ: ಶಾಲೆ ತಪ್ಪಿಸುವ ನೆಪ. ಸ್ವಲ್ಪ ಹೊತ್ತಿನಲ್ಲಿ ನೋವು ಇಳಿದು, ಅದೇ ಮಗು ಚಿತ್ರಕಥೆಯ ಪುಸ್ತಕ ಹಿಡಿದು ಮೂಲೆ ಸೇರಿದುದನ್ನು ಕಂಡರಂತೂ ಆ ತೀರ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಆ ನೋವು ಸುಳ್ಳಲ್ಲ. ಆ ಪುಸ್ತಕವೂ ಅಪರಾಧಿಯಲ್ಲ. ಈ ಮಾತನ್ನು ಭಕ್ತಬಂಧುಗಳ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆನಿಸಿದೆ.

ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಆರನೆಯ ತರಗತಿಯ ಬಾಲಕಿಯೊಬ್ಬಳಿದ್ದಾಳೆ. ಆಕೆಗೆ ಚಿತ್ರಕಥೆಯೆಂದರೆ ಪ್ರಾಣ. ಓದುವುದಷ್ಟೇ ಅಲ್ಲ, ಹಳೆಯ ನೋಟುಬುಕ್ಕಿನ ಹಾಳೆಗಳಲ್ಲಿ ಚೌಕಗಳನ್ನು ಗೀಚಿ ತಾನೂ ಕಥೆ ರಚಿಸುತ್ತಾಳೆ. ಒಂದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತ ಗೆಳತಿ ಆ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದಳು. ಈ ವರ್ಷ ಗೆಳತಿ ಒಮ್ಮೆಲೇ ಎತ್ತರ ಬೆಳೆದಳು, ಮೈನೆರೆದಳು, ದೊಡ್ಡ ಹುಡುಗಿಯರ ಗುಂಪನ್ನು ಸೇರಿದಳು. "ಇವೆಲ್ಲ ಸಣ್ಣ ಹುಡುಗರ ಪುಸ್ತಕ" ಎಂದು ಎಲ್ಲರೆದುರು ನಕ್ಕಳು. ಬೆಂಚು ಬೇರೆಯಾಯಿತು, ಮಧ್ಯಾಹ್ನದ ಬುತ್ತಿ ಒಂಟಿಯಾಯಿತು. ಹೊಟ್ಟೆನೋವು ಆರಂಭವಾದದ್ದು ಅದೇ ವಾರ. ಮನೆಯವರು ಜಂತುಹುಳುವಿನ ಗುಳಿಗೆ ಕೊಡಿಸಿದರು, ದೃಷ್ಟಿ ತೆಗೆದರು, ಕೊನೆಗೆ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೇರಿಸಿದರು. ಗೆಳತಿಯ ವಿಷಯವನ್ನು ಮಾತ್ರ ಯಾರೂ ಕೇಳಲಿಲ್ಲ.

ಮನಸ್ಸಿಗಾದ ನೋವು ಹೊಟ್ಟೆಗೆ ಇಳಿಯುವುದಾದರೂ ಹೇಗೆ? ನಮ್ಮ ಜೀರ್ಣಾಂಗದ ಗೋಡೆಯಲ್ಲಿ ನರಗಳ ದಟ್ಟವಾದ ಜಾಲವಿದೆ. ಅದು ವೇಗಸ್ ಎಂಬ ನರದ ಮೂಲಕ ಮಿದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಭಯ, ಅವಮಾನ, ಒಂಟಿತನಗಳು ಕಾಡಿದಾಗ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಕರುಳಿನ ಚಲನೆ ಏರುಪೇರಾಗುತ್ತದೆ. ಸಾಮಾನ್ಯವಾಗಿ ಅರಿವಿಗೇ ಬಾರದ ಸಂವೇದನೆಯೂ ನೋವಾಗಿ ತೋರುತ್ತದೆ. ಹೊಕ್ಕುಳಿನ ಸುತ್ತ ಕಾಣಿಸಿಕೊಂಡು, ಶಾಲೆಯ ದಿನಗಳಲ್ಲಿ ಹೆಚ್ಚಾಗಿ, ರಜೆಯಲ್ಲಿ ಮಾಯವಾಗುವ ನೋವು ಅನೇಕ ವೇಳೆ ಈ ಬಗೆಯದು. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದರೆ ನೋವೇ ಇಲ್ಲವೆಂದು ಅರ್ಥವಲ್ಲ.

ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಅಪಾಯಕರ. ನೋವು ರಾತ್ರಿ ನಿದ್ರೆಯಿಂದ ಎಬ್ಬಿಸಿದರೆ, ಬಲಭಾಗದ ಕಿಬ್ಬೊಟ್ಟೆಯಲ್ಲಿ ನೆಲೆ ನಿಂತರೆ, ಜ್ವರ ಅಥವಾ ಪದೇ ಪದೇ ವಾಂತಿ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ಗೆಳೆತನದ ವಿಷಯ. ಬಾಲ್ಯ ದಾಟುವ ಕಾಲ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬರುವುದಿಲ್ಲ. ಹೆಣ್ಣುಮಕ್ಕಳಲ್ಲಿ ದೇಹದ ಬದಲಾವಣೆ 8ರಿಂದ 13ನೆಯ ವಯಸ್ಸಿನೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ನೆಯ ವಯಸ್ಸಿನೊಳಗೆ ಯಾವಾಗ ಬೇಕಾದರೂ ಆರಂಭವಾಗಬಹುದು, ಎರಡೂ ಸಹಜವೇ. ಆದುದರಿಂದ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬರು ಹರೆಯದ ಹೊಸ್ತಿಲು ದಾಟಿರುತ್ತಾರೆ, ಇನ್ನೊಬ್ಬರು ಇನ್ನೂ ಅಂಗಳದಲ್ಲಿಯೇ ಇರುತ್ತಾರೆ. ಎತ್ತರವಾಗದ, ದನಿ ಒಡೆಯದ ಹುಡುಗನೂ ಗೆಳೆಯರ ನಗೆಗೆ ಇದೇ ರೀತಿ ಗುರಿಯಾಗುತ್ತಾನೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹಿಂದೆ ಉಳಿದ ಮಗು "ನನ್ನಲ್ಲಿಯೇ ಏನೋ ಕೊರತೆಯಿದೆ" ಎಂದು ಭಾವಿಸುತ್ತದೆ.

ಯಾರ ತಪ್ಪೂ ಇಲ್ಲವೆಂದೆವು. ಹಿರಿಯರಾದ ನಮ್ಮ ತಪ್ಪು ಒಂದುಂಟು. ಆ ಗೆಳತಿ ಮೈನೆರೆದಾಗ ಆಕೆಯ ಮನೆಯಲ್ಲಿ ಪ್ರತ್ಯೇಕವಾಗಿ ಕೂರಿಸಿ, "ದೊಡ್ಡಾಕಿ ಆದಿ, ಇನ್ನ ಹುಡುಗಾಟ ಬಿಡು, ಸಣ್ಣ ಹುಡುಗರ ಜೋಡಿ ಆಡಬ್ಯಾಡ" ಎಂದು ಹೇಳಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಆ ಮಗು ಶಾಲೆಯಲ್ಲಿ ಮಾಡಿದ್ದು ಹಿರಿಯರ ಮಾತನ್ನು ಪಾಲಿಸುವ ಕೆಲಸವನ್ನೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮ ಒಪ್ಪುವುದಿಲ್ಲ. ಇಷ್ಟಲಿಂಗ ಧರಿಸಿದ ದೇಹಕ್ಕೆ ಸೂತಕವಿಲ್ಲವೆಂಬುದು ನಾವೆಲ್ಲ ಬಲ್ಲ ಮಾತು. ವೇದಿಕೆಯ ಮೇಲೆ ಇದನ್ನು ಹೆಮ್ಮೆಯಿಂದ ಹೇಳುವ ನಾವೇ ಮನೆಯೊಳಗೆ ಮಗಳನ್ನು ಹೊರಗೆ ಕೂರಿಸಿದರೆ, ಆಕೆ ಕಲಿಯುವ ಪಾಠ ಯಾವುದು? ತನ್ನ ದೇಹ ನಾಚಿಕೆಯ ವಸ್ತು, ತನ್ನ ಬಾಲ್ಯ ಬಿಸಾಡಬೇಕಾದ ಬಟ್ಟೆ ಎಂಬುದೇ ಅಲ್ಲವೇ? ಮುಟ್ಟು ಬಂದ ಮಾತ್ರಕ್ಕೆ ಹನ್ನೊಂದು ವರ್ಷದ ಮಗು ಹೆಂಗಸಾಗುವುದಿಲ್ಲ. ಆಕೆಗೆ ಆಟವೂ ಬೇಕು, ಗೆಳತಿಯೂ ಬೇಕು, ಚಿತ್ರಕಥೆಯೂ ಬೇಕು.

ಚಿತ್ರಕಥೆಯ ಬಗೆಗೂ ಒಂದು ಮಾತು. ಇಂದು ಅದನ್ನು ಕಾಲಹರಣವೆಂದು ಕಸಿದುಕೊಳ್ಳುವ ಎಷ್ಟೋ ತಂದೆ-ತಾಯಿಗಳು ತಮ್ಮ ಬಾಲ್ಯದಲ್ಲಿ ಬಾಲಮಂಗಳದ ಡಿಂಗನಿಗಾಗಿ ಕಾದವರೇ. 1967ರಲ್ಲಿ ಅಮರ ಚಿತ್ರಕಥಾ ಮಾಲೆಯನ್ನೂ 1980ರಲ್ಲಿ ಟಿಂಕಲ್ ಪತ್ರಿಕೆಯನ್ನೂ ಮಕ್ಕಳ ಕೈಗಿತ್ತ ಅನಂತ ಪೈಯವರು ನಮ್ಮ ಕಾರ್ಕಳದಲ್ಲಿ ಜನಿಸಿದವರು. ಮಾತಿನಲ್ಲಿ ಹೇಳಲಾಗದುದನ್ನು ಚಿತ್ರದಲ್ಲಿ ಹೇಳುವ ಶಕ್ತಿ ಈ ಮಾಧ್ಯಮಕ್ಕಿದೆ. ಅಮೆರಿಕದ ಚಿತ್ರಕಥೆಗಾರ್ತಿ ರೈನಾ ಟೆಲ್ಗೆಮೈರ್ 2019ರಲ್ಲಿ ಪ್ರಕಟಿಸಿದ 'ಗಟ್ಸ್' ಎಂಬ ಪುಸ್ತಕದಲ್ಲಿ ತಮ್ಮ ಬಾಲ್ಯದ ಹೊಟ್ಟೆನೋವು, ಆತಂಕ, ಸಹಪಾಠಿಗಳೊಡನೆಯ ಮನಸ್ತಾಪ, ಆಪ್ತಸಮಾಲೋಚನೆಯಿಂದ ದೊರೆತ ನೆರವು ಇವುಗಳನ್ನೇ ಚಿತ್ರಿಸಿದ್ದಾರೆ. ನಮ್ಮ ಊರಿನ ಮಗುವಿನ ಸಂಕಟ ಸಾಗರದಾಚೆಯ ಮಗುವಿನದೂ ಹೌದು. ಊಟ, ಆಟ, ನಿದ್ರೆಗಳನ್ನು ನುಂಗದಿರುವವರೆಗೆ ಈ ಹವ್ಯಾಸದಿಂದ ಕೇಡಿಲ್ಲ. ಈ ವಯಸ್ಸಿನ ಮಕ್ಕಳಿಗೆ ರಾತ್ರಿ 9ರಿಂದ 12 ಗಂಟೆಗಳ ನಿದ್ರೆ ಬೇಕೆಂಬುದನ್ನಷ್ಟೇ ನೆನಪಿಡೋಣ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ನೋವನ್ನು ನಂಬಬೇಕು. "ಏನೂ ಆಗಿಲ್ಲ, ಏಳು" ಎನ್ನುವ ಬದಲು "ಯಾವಾಗ ಶುರುವಾಯಿತು, ಶಾಲೆಯಲ್ಲಿ ಯಾರ ಜೊತೆ ಊಟ ಮಾಡಿದೆ" ಎಂದು ಕೇಳಬೇಕು. ಎರಡನೆಯದಾಗಿ, ಕೇಳಿದ ಕೂಡಲೆ ಬುದ್ಧಿ ಹೇಳಲು ತೊಡಗಬಾರದು. ಎಲ್ಲ ಕಾಯಕದವರೂ, ಹೆಣ್ಣುಮಕ್ಕಳೂ ಮಾತನಾಡಿದ ಅನುಭವ ಮಂಟಪದ ವಾರಸುದಾರರು ತಮ್ಮ ಮಕ್ಕಳ ಮಾತಿಗೂ ಕಿವಿಗೊಡಬೇಕು. ಮೂರನೆಯದಾಗಿ, ನೋವಿದ್ದರೂ ಶಾಲೆಯನ್ನು ದೀರ್ಘಕಾಲ ಬಿಡಿಸಬಾರದು. ದೂರ ಉಳಿದಷ್ಟೂ ಭಯ ಬೆಳೆಯುತ್ತದೆ. ಮುನಿಸು ಬೇರೆ, ಹಿಂಸೆ ಬೇರೆ: ಹೊಡೆತ, ಬೆದರಿಕೆ, ದಿನದಿನದ ಹೀಯಾಳಿಕೆ ಇದ್ದರೆ ಶಿಕ್ಷಕರೊಡನೆ ಮಾತನಾಡಲೇಬೇಕು. ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ-ನಿದ್ರೆ ಕೆಟ್ಟರೆ, "ನಾನು ಇರಬಾರದು" ಎಂಬಂತಹ ಮಾತನಾಡಿದರೆ ಕೂಡಲೆ ವೈದ್ಯರನ್ನು ಕಾಣಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಟೆಲಿ ಮಾನಸ್ 14416 ಹಾಗೂ ಮಕ್ಕಳ ಸಹಾಯವಾಣಿ 1098, ಇವೆರಡೂ ಉಚಿತ.

ಆ ಬಾಲಕಿಯ ಮನೆಯಲ್ಲಿ ಅಜ್ಜಿಯ ಮಾತಿನ ಮೇರೆಗೆ ಪುಸ್ತಕಗಳು ಅಟ್ಟದಿಂದ ಇಳಿದವು. ಅವುಗಳ ನಡುವೆ ಆಕೆಯ ನೋಟುಬುಕ್ಕೂ ಇತ್ತು. ತಂದೆ ಅದನ್ನು ಮೊದಲ ಬಾರಿಗೆ ತೆರೆದು ನೋಡಿದರು. ಇಬ್ಬರು ಹುಡುಗಿಯರ ಚಿತ್ರ. ಚೌಕದಿಂದ ಚೌಕಕ್ಕೆ ಒಬ್ಬಳು ಎತ್ತರವಾಗುತ್ತ ಹೋಗಿ, ಕೊನೆಯ ಚೌಕದಲ್ಲಿ ಆಕೆಯ ಕಾಲುಗಳಷ್ಟೇ ಕಾಣುತ್ತಿದ್ದವು. ತಿಂಗಳ ಕಾಲ ಯಾರೂ ಕೇಳದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ಗೆಳತಿ ಇನ್ನೂ ಮೊದಲಿನ ಬೆಂಚಿಗೆ ಮರಳಿಲ್ಲ, ಮರಳದೆಯೂ ಇರಬಹುದು. ಆದರೆ ಈಗ ಸಂಜೆ ತಂದೆ ಮಗಳ ಪಕ್ಕ ಕುಳಿತು ಚಿತ್ರಕಥೆ ಓದುತ್ತಾರೆ, ಆಕೆ ಶಾಲೆಯ ಸುದ್ದಿ ಹೇಳುತ್ತಾಳೆ. ಸೋಮವಾರದ ಹೊಟ್ಟೆನೋವು ಅಪರೂಪವಾಗಿದೆ.

ನಮ್ಮ ನಮ್ಮ ಮನೆಯ ಅಟ್ಟಗಳನ್ನೂ ಒಮ್ಮೆ ನೋಡಿಕೊಳ್ಳೋಣ.