ನಿವೃತ್ತಿಯ ಗಂಟಿನಲ್ಲಿ ಒಂದು ಬಾಡಿಗೆ ಮನೆ

ಅಮೆರಿಕದಲ್ಲಿ 1974ರ ಕಾಯ್ದೆಯಿಂದ ಬಂದ ಐಆರ್‌ಎ ನಿವೃತ್ತಿ ಖಾತೆಯ ಹಣದಲ್ಲಿ ಜೀವವಿಮೆ ಕೊಳ್ಳುವಂತಿಲ್ಲ, ಕಲಾಕೃತಿ ಕೊಳ್ಳುವಂತಿಲ್ಲ. ಮನೆ, ಜಮೀನಿಗೆ ಅಡ್ಡಿಯಿಲ್ಲ. ಹೆಚ್ಚಿನ ಬ್ರೋಕರ್‌ಗಳು ಆ ತಲೆನೋವಿಗೆ ಕೈಹಾಕುವುದಿಲ್ಲ. ಮನೆಯೇ ಬೇಕೆಂದರೆ ಸೆಲ್ಫ್ ಡೈರೆಕ್ಟೆಡ್ ಐಆರ್‌ಎ ನಡೆಸುವ ಕಸ್ಟೋಡಿಯನ್ ಸಂಸ್ಥೆಗೆ ಹೋಗಬೇಕು.

ಹೀಗೆ ಹೋಗುವವರ ವಾದದಲ್ಲಿ ಹುರುಳಿದೆ. ತಮ್ಮ ಊರಿನ ಯಾವ ಬೀದಿಯಲ್ಲಿ ಬಾಡಿಗೆದಾರರು ನಿಲ್ಲುತ್ತಾರೆ, ಯಾವ ಶಾಲೆಯ ಸುತ್ತ ಬೆಲೆ ಏರುತ್ತದೆ ಎಂದು ಬಲ್ಲವರಿಗೆ ಆ ತಿಳಿವಳಿಕೆಯೇ ಬಂಡವಾಳ. ಷೇರುಪೇಟೆ ಕುಸಿದ ತಿಂಗಳಲ್ಲೂ ಬಾಡಿಗೆ ಬಂದೀತು. ತೆರಿಗೆ ಕಟ್ಟಿದ ಹಣವನ್ನೇ ಹಾಕುವ ರಾಥ್ ಐಆರ್‌ಎ ಖಾತೆ ತೆರೆದು ಐದು ವರ್ಷ ಕಳೆದು, ವಯಸ್ಸು ಐವತ್ತೊಂಬತ್ತೂವರೆ ದಾಟಿದ್ದರೆ ಬಾಡಿಗೆಯನ್ನೂ ಮಾರಾಟದ ಲಾಭವನ್ನೂ ತೆರಿಗೆಯಿಲ್ಲದೆ ತೆಗೆಯಬಹುದು. ಇದು ಸಣ್ಣ ಲಾಭವಲ್ಲ.

ಆದರೆ ಆ ಮನೆ ನಿಮ್ಮದಲ್ಲ, ಖಾತೆಯದು. ಅಮೆರಿಕದಲ್ಲಿರುವ ಕನ್ನಡಿಗರು ಮೊದಲು ಅರಿಯಬೇಕಾದದ್ದು ಇದನ್ನೇ. ಮೈಸೂರಿನಿಂದ ಬಂದ ಅಪ್ಪ ಅಮ್ಮ ಅಲ್ಲಿ ಒಂದು ರಾತ್ರಿ ತಂಗುವಂತಿಲ್ಲ. ಕಾಲೇಜಿಗೆ ಹೋಗುವ ಮಗಳಿಗೆ, ಪೂರ್ತಿ ಬಾಡಿಗೆ ಪಡೆದರೂ, ಕೊಡುವಂತಿಲ್ಲ. (ಅಚ್ಚರಿಯೆಂದರೆ ಒಡಹುಟ್ಟಿದವರು ಈ ನಿಷೇಧದ ಪಟ್ಟಿಯಲ್ಲಿಲ್ಲ.) ಸೋರುವ ನಲ್ಲಿಯನ್ನು ನೀವೇ ಸರಿಮಾಡಿದರೂ ತಕರಾರು ಏಳಬಹುದು. ಆಸ್ತಿ ತೆರಿಗೆ, ವಿಮೆ, ರಿಪೇರಿ ಎಲ್ಲಕ್ಕೂ ಖಾತೆಯ ಹಣವೇ ಆಗಬೇಕು. 2025ರಲ್ಲಿ ಖಾತೆಗೆ ಹೊಸದಾಗಿ ಕಟ್ಟಬಹುದಾದದ್ದು 7,000 ಡಾಲರ್, ಐವತ್ತಾದವರಿಗೆ 8,000. ಚಾವಣಿ ಬದಲಿಸುವ ಖರ್ಚೊಂದೇ ಅದನ್ನು ಮೀರಬಹುದು. ಇಂಥ ನಿಷಿದ್ಧ ವ್ಯವಹಾರ ನಡೆಯಿತೆಂದು ತೀರ್ಮಾನವಾದರೆ, ಆ ವರ್ಷದ ಜನವರಿ 1ರಂದೇ ಇಡೀ ಖಾತೆ ನಿಮ್ಮ ಕೈಸೇರಿತೆಂದು ಲೆಕ್ಕ. ತೆರಿಗೆಯ ಜತೆಗೆ, ವಯಸ್ಸು ಐವತ್ತೊಂಬತ್ತೂವರೆ ಆಗಿರದಿದ್ದರೆ ಶೇ. 10 ದಂಡವೂ ಬೀಳುತ್ತದೆ.

ಸಾಲ ಮಾಡಿ ಕೊಂಡರೆ ಸಾಲದ ಪಾಲಿನ ಆದಾಯಕ್ಕೆ ಖಾತೆಯೊಳಗೇ ತೆರಿಗೆ. ಸ್ವಂತ ಹೆಸರಿನಲ್ಲಿದ್ದರೆ ಸಿಗುವ ಸವಕಳಿ ರಿಯಾಯಿತಿ ಇಲ್ಲಿ ಬಹುಮಟ್ಟಿಗೆ ವ್ಯರ್ಥ. ಸಾಂಪ್ರದಾಯಿಕ ಐಆರ್‌ಎ ಆದರೆ 73ಕ್ಕೆ, 1960 ಅಥವಾ ಆಮೇಲೆ ಹುಟ್ಟಿದವರು 75ಕ್ಕೆ, ವರ್ಷವರ್ಷವೂ ಹಣ ತೆಗೆಯಲೇಬೇಕು. ಅದಕ್ಕಾಗಿ ಮನೆಯ ಒಂದು ಕೋಣೆಯನ್ನಷ್ಟೇ ಮಾರಲಾಗದು. ಕಸ್ಟೋಡಿಯನ್ ಕಾಗದಪತ್ರ ನೋಡಿಕೊಳ್ಳುತ್ತದೆ, ಹೂಡಿಕೆ ಅಸಲಿಯೇ ಎಂದು ಪರೀಕ್ಷಿಸುವುದಿಲ್ಲ. ವಂಚಕರು ಇದನ್ನೇ ಬಳಸಿಕೊಳ್ಳುತ್ತಾರೆಂದು ಷೇರುಪೇಟೆ ನಿಯಂತ್ರಕ ಎಸ್‌ಇಸಿ ಎಚ್ಚರಿಸಿದೆ.

ಬಾಡಿಗೆ ಮನೆ ನಡೆಸಿ ಪಳಗಿದವರು, ರಾಥ್ ಖಾತೆಯಲ್ಲಿ ಸಾಲವಿಲ್ಲದೆ ಕೊಂಡು, ರಿಪೇರಿಗೆ ಬೇಕಾದಷ್ಟು ನಗದನ್ನೂ ಅಲ್ಲೇ ಉಳಿಸಿಕೊಳ್ಳಬಲ್ಲವರು ಈ ದಾರಿ ಹಿಡಿಯಲಿ ಎನ್ನುತ್ತೇನೆ. ಉಳಿದವರು ಮನೆಯನ್ನು ಸ್ವಂತ ಹೆಸರಿನಲ್ಲೇ ಕೊಳ್ಳುವುದು ವಾಸಿ. ನಿವೃತ್ತಿ ಖಾತೆಯೊಳಗೂ ರಿಯಲ್ ಎಸ್ಟೇಟಿನ ಪಾಲು ಇರಲಿ ಎನ್ನುವವರಿಗೆ ರೀಟ್ (ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್) ಷೇರುಗಳು ಸಾಮಾನ್ಯ ಐಆರ್‌ಎಯಲ್ಲೇ ಸಿಗುತ್ತವೆ, ಬೇಕಾದಾಗ ಮಾರಲೂ ಬರುತ್ತವೆ.